ಮುಖ್ಯ ಪುಟದ ಒಂದು ಸಾಲು: ವಿಕಿಪೀಡಿಯದ ಪರಿಶೀಲನೆ ಮತ್ತು ಕುಂದಾಪುರ, ಬೈಂದೂರು, ಬ್ರಹ್ಮಾವರ

ಅಂತರ್ಜಾಲ ವಿಶ್ವಕೋಶವಾದ ವಿಕಿಪೀಡಿಯದ ಮುಖ್ಯ ಪುಟದಲ್ಲಿ ಯಾವ ಲೇಖನವೂ ಇಡಿಯಾಗಿ ಇರುವುದಿಲ್ಲ. ವಿಶೇಷ ಲೇಖನದಿಂದ ಆಯ್ದ ಒಂದು ಕಂಡಿಕೆ, ‘ನಿಮಗಿದು ಗೊತ್ತೇ?’ ಎಂಬಂಥ ಅಂಕಣದ ಒಂದೆರಡು ಸಾಲು, ಸುದ್ದಿಯ ತುಣುಕು, ಚಿತ್ರದ ಕೆಳಗಿನ ನಾಲ್ಕು ಮಾತು, ಇಷ್ಟೇ. ಈ ಸಾಲುಗಳನ್ನಷ್ಟೇ ಓದಿ ಮುಂದೆ ಸಾಗುವ ಓದುಗರಿಗೆ ವಿಶ್ವಕೋಶವೆಂದರೆ ಆ ಸಾಲೇ. ಅಲ್ಲಿ ನುಸುಳುವ ತಪ್ಪುಗಳಲ್ಲಿ ಒಂದು ಬಗೆಯದು ಬರೆದವರ ಅಜ್ಞಾನದಿಂದ ಹುಟ್ಟುವುದಲ್ಲ, ಸಂಕ್ಷೇಪದಿಂದಲೇ ಹುಟ್ಟುವುದು ಎಂಬುದು ಈ ಲೇಖನದ ವಾದ. ದೀರ್ಘ ಲೇಖನದಲ್ಲಿ ‘ಯಾವಾಗ’, ‘ಯಾರು ಹೇಳಿದ್ದು’ ಎಂಬ ಎರಡು ಸಂಗತಿಗಳು ಇರುತ್ತವೆ. ಸಾಲಿಗೆ ಇಳಿಸುವಾಗ ಮೊದಲು ಉದುರುವುದು ಅವೇ. ಉಡುಪಿ ಜಿಲ್ಲೆಯ ಉತ್ತರ ಭಾಗದ ಮೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಮುಖ್ಯ ಪುಟಕ್ಕೆ ರಕ್ಷಣೆ ಇರುವುದರಿಂದ ನಿರ್ವಾಹಕರು ಮಾತ್ರ ಅದನ್ನು ತಿದ್ದಬಲ್ಲರು. ತಪ್ಪು ಕಂಡವರು ಅದಕ್ಕೆಂದೇ ಇರುವ ದೂರುಪುಟದಲ್ಲಿ, ಆಯಾ ಅಂಕಣದ ತಲೆಬರಹದಡಿ, ಏನು ತಪ್ಪು, ಹೇಗಿರಬೇಕು, ಆಧಾರವೇನು ಎಂದು ಬರೆಯುತ್ತಾರೆ. ಮುಖ್ಯ ಪುಟ ಮೂಲ ಲೇಖನವನ್ನು ಅನುಸರಿಸಬೇಕಾದ್ದರಿಂದ ಮೊದಲು ಆ ಲೇಖನವನ್ನೇ ತಿದ್ದಿಸಿ ಬರುವಂತೆ ಕೇಳುವುದು ರೂಢಿ. ತಿದ್ದಿದ ಮೇಲೆ ದೂರನ್ನೂ ಅಳಿಸಲಾಗುತ್ತದೆ. ನಾಳೆಯ ಸಾಲನ್ನು ಇಂದೇ ನೋಡಿ ಎಚ್ಚರಿಸುವವರೂ ಇದ್ದಾರೆ. ಸಂಬಳವಿಲ್ಲದ, ಹೆಸರು ಕಾಣದ ಈ ಕೆಲಸವನ್ನು ಹಳೆಯ ಪತ್ರಿಕಾ ಕಚೇರಿಯ ಕರಡು ತಿದ್ದುವವರ ಕೆಲಸಕ್ಕೆ ಸಮನಾಗಿ ಕಾಣಬೇಕು. 2003ರಲ್ಲಿ ಆರಂಭವಾಗಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯದ ಮುಖ್ಯ ಪುಟದ ಚೌಕಟ್ಟೂ ಇಂಥದ್ದೇ. ಆದರೆ ಸಕ್ರಿಯ ಸಂಪಾದಕರು ಇಲ್ಲಿ ತೀರ ಕಡಿಮೆ. ಬರೆದ ಕಣ್ಣು ಬೇರೆ, ನೋಡುವ ಕಣ್ಣು ಬೇರೆ ಎಂಬ ಅನುಕೂಲ ಎಲ್ಲ ಸಲವೂ ಸಿಗುವುದಿಲ್ಲ.

ಮಾದರಿಗಾಗಿ ಒಂದು ಸಾಲನ್ನು ಕಟ್ಟಿ ನೋಡೋಣ: ‘ಕವಿ ಗೋಪಾಲಕೃಷ್ಣ ಅಡಿಗರು 1918ರಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಮೊಗೇರಿಯಲ್ಲಿ ಜನಿಸಿದರು.’ ಊರು ಸರಿ, ವರ್ಷ ಸರಿ, ವಾಕ್ಯ ತಪ್ಪು. 1918ರಲ್ಲಿ ಉಡುಪಿ ಜಿಲ್ಲೆಯೂ ಇರಲಿಲ್ಲ, ಬೈಂದೂರು ತಾಲ್ಲೂಕೂ ಇರಲಿಲ್ಲ. ಆಗ ಮೊಗೇರಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ಊರು. ಉಡುಪಿ ಜಿಲ್ಲೆ ರೂಪುಗೊಂಡದ್ದು 1997ರ ಆಗಸ್ಟ್ 25ರಂದು. ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳು ಕೆಲಸ ಆರಂಭಿಸಿದ್ದು 2018ರಲ್ಲಿ. 1992ರಲ್ಲೇ ತೀರಿಕೊಂಡ ಅಡಿಗರು ಇವೆರಡನ್ನೂ ಕಂಡವರಲ್ಲ. ಹಾಗೆಂದು ‘ಕುಂದಾಪುರ ತಾಲ್ಲೂಕಿನ ಮೊಗೇರಿ’ ಎಂದಷ್ಟೇ ಬರೆದರೆ ಇಂದಿನ ಓದುಗ ಊರನ್ನು ಬೇರೆ ತಾಲ್ಲೂಕಿನಲ್ಲಿ ಹುಡುಕುತ್ತಾನೆ. ‘ಈಗಿನ ಬೈಂದೂರು ತಾಲ್ಲೂಕಿನ ಮೊಗೇರಿ’ ಎಂದರೆ ಎರಡು ತೊಡಕೂ ನಿವಾರಣೆಯಾಗುತ್ತವೆ. ಜಾಗ ಉಳಿಸಲು ಹೊರಟವರು ಮೊದಲು ತೆಗೆಯುವ ಪದವೂ ಆ ‘ಈಗಿನ’ ಎಂಬುದೇ.

ಶಿವರಾಮ ಕಾರಂತರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. 1902ರ ಅಕ್ಟೋಬರ್ 10ರಂದು ಅವರು ಹುಟ್ಟಿದ ಕೋಟ ಈಗ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಅವರು ಮಣಿಪಾಲದಲ್ಲಿ ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು, ಅಂದರೆ ಹೊಸ ಜಿಲ್ಲೆ ಬಂದು ಮೂರೂವರೆ ತಿಂಗಳಾದ ಮೇಲೆ. ನಿಧನದ ಸಾಲಿನಲ್ಲಿ ಉಡುಪಿ ಜಿಲ್ಲೆ ಸರಿ, ಜನನದ ಸಾಲಿನಲ್ಲಿ ಸರಿಯಲ್ಲ. ಇನ್ನೊಂದು ತೊಡಕು ಹೆಸರಿನದು. ‘ಕಾರಂತರ ಚೋಮನ ದುಡಿ’ ಎಂದು ಚುಟುಕಾಗಿ ಬರೆದರೆ 1933ರ ಕಾದಂಬರಿಯೋ 1975ರ ಚಲನಚಿತ್ರವೋ ತಿಳಿಯುವುದಿಲ್ಲ. ಕಾದಂಬರಿ ಕೋಟದ ಶಿವರಾಮ ಕಾರಂತರದು, ಚಿತ್ರದ ನಿರ್ದೇಶನ ಬಂಟ್ವಾಳ ಕಡೆಯ ಬಿ. ವಿ. ಕಾರಂತರದು. ಚಿತ್ರಕ್ಕೆ ಬಂದ ಸ್ವರ್ಣಕಮಲ ಪ್ರಶಸ್ತಿ ಓದುಗನ ಮನಸ್ಸಿನಲ್ಲಿ ಯಾರ ಮಡಿಲಿಗೂ ಬೀಳಬಹುದು. ಶಿವರಾಮ ಕಾರಂತರ ಕಾದಂಬರಿ ‘ಮೂಕಜ್ಜಿಯ ಕನಸುಗಳು’ ಪ್ರಕಟವಾದದ್ದು 1968ರಲ್ಲಿ, ಅದಕ್ಕೆ ಬಂದ ಜ್ಞಾನಪೀಠ 1977ರದು. ಈ ಎರಡು ವರ್ಷಗಳಲ್ಲಿ ಒಂದನ್ನೇ ಉಳಿಸುವ ಸಂಪಾದಕ ಅದು ಯಾವುದರ ವರ್ಷವೆಂದು ಹೇಳದಿದ್ದರೆ ಮುಂದಿನವರು ಅದನ್ನೇ ಕೃತಿಯ ವರ್ಷವೆಂದು ಎತ್ತಿಕೊಳ್ಳುತ್ತಾರೆ.

ಮರವಂತೆಯ ಸಾಲು ಬೇರೆ ರೀತಿ ಕೆಡುತ್ತದೆ. ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ: ಇಷ್ಟು ಹೇಳಿದರೆ ಸಾಕು, ನೋಟವೇ ಓದುಗನನ್ನು ಹಿಡಿದು ನಿಲ್ಲಿಸುವಂಥದ್ದು. ಆದರೂ ‘ದೇಶದಲ್ಲೇ ಇಂಥದ್ದು ಇದೊಂದೇ’ ಎಂದು ಸೇರಿಸುವ ಆಸೆ ಹುಟ್ಟುತ್ತದೆ. ದೇಶದ ಕರಾವಳಿಯನ್ನೆಲ್ಲ ಅಳೆದು ನೋಡಿದವರ ಆಧಾರವಿಲ್ಲದೆ ಈ ಮಾತು ನಿಲ್ಲದು. ಪ್ರವಾಸದ ಕರಪತ್ರ ಅದಕ್ಕೆ ಆಧಾರವಾಗದು. ಹೆದ್ದಾರಿಯ ಸಂಖ್ಯೆಯನ್ನೂ ನೋಡಬೇಕು: ಹಳೆಯ ಬರಹಗಳ 17 ಎಂಬುದು 2010ರ ಮರುಸಂಖ್ಯೆಯಲ್ಲಿ 66 ಆಗಿದೆ.

ಬಾರಕೂರಿನದು ಎಲ್ಲಕ್ಕಿಂತ ಗಂಭೀರ. ‘ಬಾರಕೂರನ್ನು ಆಳಿದ ಭೂತಾಳ ಪಾಂಡ್ಯ ಕ್ರಿ.ಶ. 77ರಲ್ಲಿ ಅಳಿಯಸಂತಾನ ಕಟ್ಟನ್ನು ಜಾರಿಗೆ ತಂದನು’ ಎಂಬ ವಾಕ್ಯ ಕುತೂಹಲ ಕೆರಳಿಸುವ ಅಂಕಣಕ್ಕೆ ಹೇಳಿ ಮಾಡಿಸಿದಂತಿದೆ. ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಅಳಿಯಸಂತಾನ ಈ ನಾಡಿನಲ್ಲಿ ಬಾಳಿದ ಪದ್ಧತಿ, ಬಾರಕೂರು ಆಳುಪ ಅರಸರ ರಾಜಧಾನಿ. ಇವು ಇತಿಹಾಸ. ಭೂತಾಳ ಪಾಂಡ್ಯ ಮತ್ತು ಆ ಇಸವಿ ಐತಿಹ್ಯ. ‘ಎಂಬ ಐತಿಹ್ಯವಿದೆ’ ಎಂಬ ಎರಡು ಪದ ಬಿಟ್ಟರೆ ಐತಿಹ್ಯ ಇತಿಹಾಸದ ವೇಷ ತೊಟ್ಟು ಮುಖ್ಯ ಪುಟಕ್ಕೆ ಬರುತ್ತದೆ, ಅಲ್ಲಿಂದ ಶಾಲೆಯ ರಸಪ್ರಶ್ನೆಗೆ, ಅಲ್ಲಿಂದ ಪತ್ರಿಕೆಗೆ. ಆಮೇಲೆ ಪತ್ರಿಕೆಯೇ ವಿಕಿಪೀಡಿಯಕ್ಕೆ ಆಧಾರವಾಗುತ್ತದೆ. ಈ ಸುತ್ತನ್ನು ಮುರಿಯಲು ಇತಿಹಾಸಕಾರ ಗುರುರಾಜ ಭಟ್ಟರ ತುಳುವ ಇತಿಹಾಸದ ಬೃಹತ್ ಗ್ರಂಥ (1975) ಮೊದಲಾದ ವಿದ್ವತ್ ಕೃತಿಗಳ ಬಳಿಗೇ ಹೋಗಬೇಕು.

ದಿನಾಂಕದ ಅಂಕಣಕ್ಕೆ ಈ ಸೀಮೆಯ ಹಬ್ಬಗಳು ಒಗ್ಗುವುದೂ ಕಷ್ಟ. ಕೋಟೇಶ್ವರದ ಕೊಡಿ ಹಬ್ಬ ಹುಣ್ಣಿಮೆಯನ್ನು, ವಿಶ್ವ ಕುಂದಾಪ್ರ ಕನ್ನಡ ದಿನ ಆಸಾಡಿ ಅಮಾಸಿಯನ್ನು ಹಿಡಿದು ಬರುತ್ತವೆ. ಒಂದು ವರ್ಷದ ತಾರೀಖನ್ನು ಮರುವರ್ಷಕ್ಕೂ ಹಾಗೇ ಬಿಟ್ಟರೆ ತಪ್ಪಾಗುತ್ತದೆ.

ಇಂಥ ತಪ್ಪನ್ನು ಎಲ್ಲರಿಗಿಂತ ಮೊದಲು ಕಾಣುವವರು ಊರಿನವರೇ. ಆದರೆ ವಿಕಿಪೀಡಿಯ ‘ನನಗೆ ಗೊತ್ತು’ ಎಂಬುದನ್ನು ಒಪ್ಪುವುದಿಲ್ಲ, ಪ್ರಕಟವಾದ ಆಧಾರ ಕೇಳುತ್ತದೆ. ಈ ನಿಯಮ ನ್ಯಾಯವಾದದ್ದು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೈಗೆಂಥಾಲರ್ ಅವರ ಬಗ್ಗೆ ಯಾರೋ ಸೇರಿಸಿದ ಸುಳ್ಳು ತಿಂಗಳುಗಟ್ಟಲೆ ಉಳಿದ ಪ್ರಕರಣದ ನಂತರ ಅದು ಇನ್ನಷ್ಟು ಬಿಗಿಯಾಯಿತು. ಆದರೆ ಆಧಾರಗ್ರಂಥವೂ ಹಳತಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ 2014ರಲ್ಲಿ ಮುಕ್ತ ಪರವಾನಗಿಗೆ ಬರತೊಡಗಿದ್ದು ಕನ್ನಡದ ಭಾಗ್ಯ. ಅದರ ಬರಹಗಳನ್ನು ಈಗ ವಿಕಿಪೀಡಿಯಕ್ಕೆ ತರಬಹುದು. ಆದರೆ 1997ಕ್ಕೆ ಮೊದಲು ಬರೆದ ನಮೂದಿನಲ್ಲಿ ಉಡುಪಿ ಜಿಲ್ಲೆ ಇರಲು ಸಾಧ್ಯವೇ ಇಲ್ಲ. 1973ರ ದಕ್ಷಿಣ ಕನ್ನಡ ಗೆಜೆಟಿಯರ್, 1894ರಲ್ಲಿ ಸ್ಟರಕ್ ಬರೆದ ಅದೇ ಜಿಲ್ಲೆಯ ಕೈಪಿಡಿ ಇವುಗಳಿಗೂ ಈ ಮಾತು ಅನ್ವಯ. ಅವು ತಮ್ಮ ಕಾಲಕ್ಕೆ ಸಾಕ್ಷಿ. ಉಲ್ಲೇಖಿಸುವಾಗ ಆ ಕಾಲವನ್ನೂ ಜೊತೆಗೆ ತರಬೇಕು.

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಇನ್ನೊಂದು ಬಗೆಯ ಆಧಾರಸಾಮಗ್ರಿ ಹೇರಳವಾಗಿದೆ: ದೇವಸ್ಥಾನಗಳ ಬ್ರಹ್ಮಕಲಶೋತ್ಸವದ, ಶಾಲೆಗಳ ಶತಮಾನೋತ್ಸವದ, ಸಾಹಿತ್ಯ ಸಮ್ಮೇಳನಗಳ, ಯಕ್ಷಗಾನ ಮೇಳಗಳ ಸ್ಮರಣ ಸಂಚಿಕೆಗಳು. ವಿಕಿಪೀಡಿಯದಲ್ಲಿ ಇವುಗಳ ಬಳಕೆಗೆ ಸ್ಪಷ್ಟ ಮಾರ್ಗಸೂಚಿ ಬೇಕು. ಶಾಲೆಯ ಹೊಸ ಕಟ್ಟಡ ಯಾವ ವರ್ಷ ಎದ್ದಿತು, ಮೇಳದ ಯಜಮಾನಿಕೆ ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಸಂಚಿಕೆಯ ಮಾತನ್ನು ಒಪ್ಪಬಹುದು. ಬರೆದವರು ಅದನ್ನು ಕಣ್ಣಾರೆ ಕಂಡವರು. ದೇವಸ್ಥಾನ ಎಷ್ಟು ಶತಮಾನ ಹಳೆಯದು ಎಂಬುದಕ್ಕೆ ಅದೇ ಸಂಚಿಕೆ ಸಾಲದು, ಶಾಸನ ಬೇಕು. ಸಂಚಿಕೆಯ ಹೆಸರು, ವರ್ಷ, ಪುಟಸಂಖ್ಯೆ ಮತ್ತು ಪ್ರತಿ ಯಾವ ಗ್ರಂಥಾಲಯದಲ್ಲಿದೆ ಎಂಬ ವಿವರವನ್ನು ಲೇಖನದ ಚರ್ಚಾಪುಟದಲ್ಲಿ ದಾಖಲಿಸಿದರೆ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕುಳಿತ ನಿರ್ವಾಹಕ ಸಾಲನ್ನು ತಿದ್ದುವ ಮೊದಲು ಅದನ್ನು ತರಿಸಿ ನೋಡಬಲ್ಲ.