ಹೆಸರು ಹೊತ್ತ ಉಡುಪು: ಎರಡನೆಯ ಮಹಾಯುದ್ಧದ ಅಮೆರಿಕನ್ ನಾವಿಕರ ಸಮವಸ್ತ್ರಗಳು ಮತ್ತು ಒಡೆಯರ ಪತ್ತೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯ ಸಾಮಾನ್ಯ ನಾವಿಕ ತನಗೆ ಕೊಟ್ಟ ಬಟ್ಟೆಗಳ ಮೇಲೆ ತನ್ನ ಹೆಸರನ್ನು ಅಚ್ಚೊತ್ತಿಕೊಳ್ಳಬೇಕೆಂಬ ನಿಯಮವಿತ್ತು. ನೀಲಿ ಉಣ್ಣೆಯ ಜಂಪರಿಗೆ, ಅಂದರೆ ನಾವಿಕರ ಮೇಲಂಗಿಗೆ, ಬಿಳಿ ಬಣ್ಣ; ಬಿಳಿ ಬಟ್ಟೆಗೆ ಕಪ್ಪು ಬಣ್ಣ. ಒಂದೇ ಹೊಲಿಗೆಯ ನೂರಾರು ಉಡುಪುಗಳು ಹಡಗಿನ ಒಂದೇ ಲಾಂಡ್ರಿಯಲ್ಲಿ ಬೆರೆಯುತ್ತಿದ್ದುದರಿಂದ ಈ ಗುರುತು ಅನಿವಾರ್ಯವಾಗಿತ್ತು. ನಮ್ಮ ಅಗಸರು ಕರಿಗೇರಿನ ರಸದಿಂದ ಬಟ್ಟೆಯಂಚಿಗೆ ಹಾಕುತ್ತಿದ್ದ ಗುರುತಿನ ಉದ್ದೇಶವೂ ಇದೇ. ಬಟ್ಟೆ ಕೈತಪ್ಪದಿರಲೆಂದು ಹಾಕಿದ ಆ ಹೆಸರೇ ಇಂದು ಸಂಗ್ರಹಕಾರರಿಗೆ ಮೊದಲ ಆಧಾರ.

ಹೆಸರಿಗೆ ಇಷ್ಟು ಬೆಲೆ ಬರಲು ಇನ್ನೊಂದು ಕಾರಣವಿದೆ. ಯುದ್ಧಕಾಲದ ಉಡುಪು ಹಡಗಿನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಅಮೆರಿಕದ ನಾವಿಕರ ನೀಲಿ ಟೋಪಿಯ ಪಟ್ಟಿಯಲ್ಲಿ ಮೊದಲು ಹಡಗಿನ ಹೆಸರಿರುತ್ತಿತ್ತು. 1941ರಲ್ಲಿ ಅದು ಹೋಗಿ ‘ಯು.ಎಸ್. ನೇವಿ’ ಎಂಬಷ್ಟೇ ಉಳಿಯಿತು. ಬ್ರಿಟನ್ನಿನ ರಾಯಲ್ ನೇವಿಯೂ ಯುದ್ಧದ ಅವಧಿಯಲ್ಲಿ ‘ಎಚ್.ಎಂ.ಎಸ್.’ ಎಂಬ ಮೂರಕ್ಷರಕ್ಕೆ ಸೀಮಿತಗೊಂಡಿತ್ತು. ಹೀಗಾಗಿ ಉಡುಪಿನಿಂದ ನೇರವಾಗಿ ಹಡಗಿಗೆ ದಾರಿಯಿಲ್ಲ. ವ್ಯಕ್ತಿಯ ಮೂಲಕ, ಕಡತದ ಮೂಲಕವೇ ಹೋಗಬೇಕು.

ಆ ಕಡತಗಳಲ್ಲಿ ಮುಖ್ಯವಾದುದು ಹಾಜರಿ ಪಟ್ಟಿ, ಅಂದರೆ ಮಸ್ಟರ್ ರೋಲ್. 1939ರಿಂದ 1949ರವರೆಗಿನ ಈ ಪಟ್ಟಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮೂರು ತಿಂಗಳಿಗೊಮ್ಮೆ ಸಿದ್ಧವಾಗುತ್ತಿದ್ದ ಇವುಗಳಲ್ಲಿ ನಾವಿಕನ ಹೆಸರು, ಸೇವಾ ಸಂಖ್ಯೆ, ದರ್ಜೆ ಮತ್ತು ಹಡಗಿಗೆ ಬಂದ ದಿನಾಂಕ ಸಿಗುತ್ತವೆ. ಅಧಿಕಾರಿಗಳ ಹೆಸರು ಇವುಗಳಲ್ಲಿ ಇರುವುದಿಲ್ಲ. ಸೇಂಟ್ ಲೂಯಿಸ್‌ನ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿರುವ ವೈಯಕ್ತಿಕ ಕಡತಗಳು ಎರಡನೆಯ ಆಸರೆ. 1973ರ ಜುಲೈ 12ರಂದು ಅಲ್ಲಿ ಹೊತ್ತಿದ ಬೆಂಕಿ ಭೂಸೇನೆ ಮತ್ತು ವಾಯುಪಡೆಗಳ 1.6ರಿಂದ 1.8 ಕೋಟಿ ಕಡತಗಳನ್ನು ನಾಶಮಾಡಿತು. ನೌಕಾಪಡೆಯವು ಆ ಬೆಂಕಿಗೆ ಸಿಗಲಿಲ್ಲ. ನಾವಿಕರ ಉಡುಪನ್ನು ಅದರ ಒಡೆಯನಿಗೆ ಜೋಡಿಸುವ ಕೆಲಸ ಸೈನಿಕರ ಉಡುಪಿನ ವಿಷಯಕ್ಕಿಂತ ಸುಲಭವಾಗಿರುವುದು ಇದರಿಂದಲೇ.

ಆದರೂ ಹೆಸರೊಂದೇ ಸಾಕ್ಷಿಯಾಗದು. ಅಯೋವಾದ ವಾಟರ್‌ಲೂ ಊರಿನ ಐವರು ಸಲಿವನ್ ಸಹೋದರರು ‘ಜೂನೋ’ ಎಂಬ ಒಂದೇ ಕ್ರೂಸರ್ ಹಡಗಿನಲ್ಲಿದ್ದರು. 1942ರ ನವೆಂಬರ್ 13ರಂದು ಅದು ಮುಳುಗಿತು; ಐವರಲ್ಲಿ ಯಾರೂ ಬದುಕುಳಿಯಲಿಲ್ಲ. ಅಂಥ ಹಡಗಿನದೆಂದು ಹೇಳಲಾದ ಬಟ್ಟೆಯಲ್ಲಿ ಕುಲನಾಮ ಮಾತ್ರ ಕಂಡರೆ ಅದು ಯಾರನ್ನು ಸೂಚಿಸೀತು? ಪೂರ್ಣ ಹೆಸರಿನ ಜೊತೆಗೆ ಸೇವಾ ಸಂಖ್ಯೆಯೂ ಸಿಕ್ಕರೆ ಗೊಂದಲ ನೀಗುತ್ತದೆ. ಒಂದೇ ಬಟ್ಟೆಗೆ ಇಬ್ಬರು ಒಡೆಯರಿರುವುದೂ ಉಂಟು. ಪರಾರಿಯಾದವನ ಬಟ್ಟೆಯನ್ನು ಮಾರಿದಾಗ, ಅಥವಾ ಅನುಮತಿ ಪಡೆದು ಬಟ್ಟೆ ಕೈಬದಲಾದಾಗ, ಹಳೆಯ ಹೆಸರಿನ ಮೇಲೆ ‘ಡಿ.ಸಿ.’ ಮುದ್ರೆ ಒತ್ತಿ ಪಕ್ಕದಲ್ಲಿ ಹೊಸ ಹೆಸರನ್ನು ಹಾಕುತ್ತಿದ್ದರು. ಎರಡು ಹೆಸರು ಕಂಡೊಡನೆ ವಸ್ತು ನಕಲಿಯೆಂದು ತಳ್ಳಿಹಾಕುವಂತಿಲ್ಲ.

ಕಡತ ಹೇಳಿದ್ದನ್ನು ಬಟ್ಟೆಯೂ ಒಪ್ಪಬೇಕು. ನೀಲಿ ಜಂಪರಿನ ಮುಂಗೈಪಟ್ಟಿಯ ಬಿಳಿ ಗೆರೆಗಳು ಆಗ ದರ್ಜೆಯನ್ನು ತಿಳಿಸುತ್ತಿದ್ದವು: ಹೊಸಬನಿಗೆ ಒಂದು, ಎರಡನೆಯ ದರ್ಜೆಯ ಸೀಮನ್‌ಗೆ ಎರಡು, ಮೊದಲ ದರ್ಜೆಯವನಿಗೂ ಅವನಿಗಿಂತ ಮೇಲಿನ ಪೆಟಿ ಆಫೀಸರಿಗೂ ಮೂರು. ಭುಜದ ಹೊಲಿಗೆಯ ಸುತ್ತಲಿನ ಬಿಳಿ ಪಟ್ಟಿ ಡೆಕ್ಕಿನವರದು, ಕೆಂಪು ಪಟ್ಟಿ ಎಂಜಿನ್ ಕೋಣೆಯವರದು. ಗನ್ನರ್ಸ್ ಮೇಟ್, ಸಿಗ್ನಲ್‌ಮನ್ ಮೊದಲಾದ ಡೆಕ್ ವಿಭಾಗದ ಪೆಟಿ ಆಫೀಸರುಗಳು ದರ್ಜೆಯ ಬ್ಯಾಡ್ಜನ್ನು ಬಲತೋಳಿನಲ್ಲಿ, ಉಳಿದವರು ಎಡತೋಳಿನಲ್ಲಿ ಧರಿಸುತ್ತಿದ್ದರು. ಈ ಭೇದ 1949ರಲ್ಲಿ ಕೊನೆಗೊಂಡಿತು. ಹಾಜರಿ ಪಟ್ಟಿಯಲ್ಲಿ ಎಂಜಿನ್ ವಿಭಾಗದವನೆಂದಿರುವವನ ಜಂಪರಿನಲ್ಲಿ ಬಲತೋಳಿನ ಬ್ಯಾಡ್ಜ್ ಇದ್ದರೆ, ಎರಡರಲ್ಲೊಂದು ಬೇರೆಯವರದು ಅಥವಾ ಬ್ಯಾಡ್ಜನ್ನು ಆಮೇಲೆ ಹೊಲಿಯಲಾಗಿದೆ.

ಹೊಸ ಹೊಲಿಗೆಯನ್ನು ಪತ್ತೆಹಚ್ಚಲು ನೇರಳಾತೀತ ಬೆಳಕನ್ನು ಬಳಸುವುದು ರೂಢಿ. ಯುದ್ಧಾನಂತರದ ದಾರ ಮತ್ತು ಸಾಬೂನುಪುಡಿಗಳಲ್ಲಿ ಬಳಕೆಗೆ ಬಂದ ಹೊಳಪುಕಾರಕಗಳು ಆ ಬೆಳಕಿನಲ್ಲಿ ಮಿನುಗುತ್ತವೆ. ಹಳೆಯ ಬಟ್ಟೆಯನ್ನು ಇತ್ತೀಚೆಗೆ ಒಗೆದಿದ್ದರೂ ಅದೇ ಮಿನುಗು ಕಾಣುವುದರಿಂದ ಈ ಪರೀಕ್ಷೆ ಸಂಶಯ ಹುಟ್ಟಿಸಬಹುದೇ ಹೊರತು ತೀರ್ಪು ಕೊಡಲಾರದು.

ಉಳಿದುಬಂದ ಉಡುಪುಗಳಲ್ಲಿ ಒಂದು ಅಸಮತೋಲವೂ ಇದೆ. ಹಡಗಿನಲ್ಲಿ ದಿನವೂ ತೊಟ್ಟ ಡೆನಿಮ್ ಪ್ಯಾಂಟು, ನೀಲಿ ಅಂಗಿಗಳು ದುಡಿದು ಚಿಂದಿಯಾದವು. ಮನೆಗೆ ಬಂದು ಪೆಟ್ಟಿಗೆ ಸೇರಿದ್ದು ಹೆಚ್ಚಾಗಿ ಹದಿಮೂರು ಗುಂಡಿಯ ಪ್ಯಾಂಟಿನೊಂದಿಗಿನ ನೀಲಿ ಉಣ್ಣೆಯ ವಿಧ್ಯುಕ್ತ ಉಡುಪು. ಅದರ ಬಲ ಎದೆಯ ಮೇಲೆ ಗೌರವಯುತ ಬಿಡುಗಡೆಯ ಹದ್ದಿನ ಲಾಂಛನವಿದ್ದರೆ ಅದು ಯುದ್ಧ ಮುಗಿಸಿ ಊರಿಗೆ ಮರಳಿದವನ ಉಡುಪು. ಹೀಗೆ ಸಂಗ್ರಹಗಳಲ್ಲಿ ಕಾಣುವುದು ನಾವಿಕನ ರಜೆಯ ರೂಪ. ದುಡಿಮೆಯ ರೂಪ ವಿರಳ.

ಸಂಗ್ರಹಕಾರರು ಮಾಡಬಹುದಾದ ದೊಡ್ಡ ಹಾನಿ ಉಡುಪುಗಳನ್ನು ಬಿಡಿಬಿಡಿಯಾಗಿಸುವುದು. ಒಬ್ಬನ ಜಂಪರು, ಟೋಪಿ, ಪತ್ರ, ಬಿಡುಗಡೆ ಪತ್ರಗಳು ಒಟ್ಟಿಗಿದ್ದಾಗ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಲಾಭಕ್ಕಾಗಿ ಬೇರೆ ಬೇರೆಯಾಗಿ ಮಾರಿದರೆ ಹೆಸರಿಲ್ಲದ ವಸ್ತುಗಳು ಅನಾಥವಾಗುತ್ತವೆ. ಆದ್ದರಿಂದ ಪ್ರತಿಯೊಂದು ಉಡುಪಿನ ಜೊತೆಗೆ ಅದು ಯಾರಿಂದ, ಯಾವಾಗ, ಯಾವ ವಸ್ತುಗಳೊಂದಿಗೆ ಬಂದಿತು ಎಂಬ ಟಿಪ್ಪಣಿ ಇರಬೇಕು. ಬಟ್ಟೆಯ ಮೇಲೆ ಓದಿದ್ದು ಯಾವುದು, ಕಡತದಿಂದ ತಿಳಿದದ್ದು ಯಾವುದು, ಕುಟುಂಬದವರ ಮಾತು ಯಾವುದು ಎಂಬುದನ್ನು ಅದರಲ್ಲಿ ಪ್ರತ್ಯೇಕವಾಗಿ ದಾಖಲಿಸಬೇಕು.