ಕೇಳಿದವರು ಬರೆದಿಟ್ಟ ಅದ್ವೈತ

ಠಾಣೆಯಿಂದ ಘೋಡಬಂದರ್ ರಸ್ತೆ ಹಿಡಿದು, ಗಾಯಮುಖ ದಾಟಿ ಅಹಮದಾಬಾದ್ ಹೆದ್ದಾರಿಗೆ ಸೇರಿ, ಶಿರಸಾಡ್‌ನಲ್ಲಿ ಬಲಕ್ಕೆ ಹೊರಳಿದರೆ ವಜ್ರೇಶ್ವರಿ. ಅದರಾಚೆ ಬಿಸಿನೀರಿನ ಕುಂಡಗಳ ಗಣೇಶಪುರಿ. ಈ ಸೀಮೆಯ ತುಳು-ಕನ್ನಡಿಗರ ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಕೌಪೀನಧಾರಿ ನಿತ್ಯಾನಂದರ ಪಟ ಕಾಣುವುದು ಮಾಮೂಲು. ‘ನಾನು’ ಎಂಬುದನ್ನು ಕಳಚುವ ವಿದ್ಯೆ ಮುಂಬಯಿ ಸುತ್ತಮುತ್ತಲಿಗೆ ಕನ್ನಡ ನಾಡಿನಿಂದ ಬಂದ ದಾರಿಗಳಲ್ಲಿ ನಿತ್ಯಾನಂದರದು ಒಂದು. ಇನ್ನೊಂದು ವಿಜಯಪುರದ ಕಡೆಯದು.

ಬೇರು ಹಳೆಯದು. ನಿಜಗುಣ ಶಿವಯೋಗಿಗಳು ವೇದಾಂತವನ್ನು ಸಂಸ್ಕೃತದ ಕಟ್ಟಿನಿಂದ ಬಿಡಿಸಿ ಕನ್ನಡಕ್ಕೆ ತಂದರು. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರು (1836–1929) ಅದನ್ನು ಜಾತಿ ಕೇಳದೆ ಎಲ್ಲರಿಗೂ ಹೇಳಿದರು.

ನಿತ್ಯಾನಂದರು ಮಠ, ಪಾಠ ಯಾವುದಕ್ಕೂ ಸೇರಿದವರಲ್ಲ. 1920ರ ದಶಕದಲ್ಲಿ ಮಂಗಳೂರಿನ ಭಕ್ತರ ಮನೆಗಳಲ್ಲಿ ಸುಮ್ಮನೆ ಕೂತಿರುತ್ತಿದ್ದರು; ಇದ್ದಕ್ಕಿದ್ದಂತೆ ಮಾತು ಶುರುವಾಗುತ್ತಿತ್ತು. ಉಸಿರು, ಆಕಾಶ, ಮನಸ್ಸು ಎಂದು ತುಂಡುತುಂಡಾಗಿ ಬರುತ್ತಿದ್ದ ಆ ಮಾತುಗಳನ್ನು ತುಳಸಿಯಮ್ಮ ಎಂಬ ಭಕ್ತೆ ಬರೆದಿಟ್ಟರು. ಅದೇ ‘ಚಿದಾಕಾಶ ಗೀತೆ’. ಆಕೆ ಬರೆಯದಿದ್ದರೆ ನಮಗೆ ಪಟ ಮಾತ್ರ ಉಳಿಯುತ್ತಿತ್ತು. ಕಾಞಂಗಾಡಿನಲ್ಲಿ ಗುಹೆಗಳನ್ನು ಮಾಡಿಸಿ, 1930ರ ದಶಕದಲ್ಲಿ ಅವರು ಈ ಕಡೆ ಬಂದರು. 1961ರ ಆಗಸ್ಟ್ 8ರಂದು ಗಣೇಶಪುರಿಯಲ್ಲೇ ದೇಹ ಬಿಟ್ಟರು.

ಸಿದ್ಧಾರೂಢ ಮಠದಲ್ಲಿ ಓದಿದ ದಕ್ಷಿಣ ಕನ್ನಡದ ಮುಕ್ತಾನಂದರು ನಿತ್ಯಾನಂದರ ಶಿಷ್ಯರಾಗಿ, 1970ರಿಂದ ವಿದೇಶ ಸುತ್ತಿ, ಮೌನಿ ಗುರುವಿನ ಹೆಸರನ್ನು ಅಮೆರಿಕಕ್ಕೆ ಮುಟ್ಟಿಸಿದರು. 1982ರಲ್ಲಿ ತೀರಿಕೊಂಡರು. ಮರುವರ್ಷ ಅವರ ಮೇಲಿನ ಲೈಂಗಿಕ ಶೋಷಣೆಯ ಆರೋಪಗಳು ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾದವು. 1985ರಲ್ಲಿ ಅವರ ಸಂಸ್ಥೆಯಲ್ಲಿ ಉತ್ತರಾಧಿಕಾರದ ಜಗಳವೂ ಬಂತು. ಅಹಂಕಾರ ಬಿಡಿಸಲೆಂದು ಹುಟ್ಟಿದ ಸಂಸ್ಥೆಗೂ ಗಾದಿಯ ಮೋಹ ತಪ್ಪಲಿಲ್ಲ.

ವಿಜಯಪುರ ಕಡೆಯ ಬಯಲುಸೀಮೆಯ ದಾರಿ ನಿಂಬರಗಿ ಮಹಾರಾಜರಿಂದ ಹೊರಟು, ಉಮದಿಯ ಭಾವೂಸಾಹೇಬ ಮಹಾರಾಜರ ಮೂಲಕ ಇಂಚಗೇರಿಯಲ್ಲಿ ಮಠವಾಯಿತು. ಅಲ್ಲಿಂದ ಎರಡು ಕವಲು. ಜಮಖಂಡಿಯ ಗುರುದೇವ ರಾನಡೆ ನಾಮಸ್ಮರಣೆಯನ್ನೂ ವಿದ್ವತ್ತನ್ನೂ ಜೊತೆಗೂಡಿಸಿ ನಿಂಬಾಳದಲ್ಲಿ ನೆಲೆಸಿದರು. ಸಿದ್ಧರಾಮೇಶ್ವರ ಮಹಾರಾಜರು ಇರುವೆಯ ನಡಿಗೆ ಬಿಟ್ಟು ಹಕ್ಕಿಯ ಹಾದಿ ಹಿಡಿಯಿರಿ ಎಂದರು: ದೀರ್ಘ ಧ್ಯಾನಕ್ಕಿಂತ ನೇರ ವಿಚಾರ. ಅವರ ಪ್ರವಚನಗಳನ್ನು ಬರೆದುಕೊಂಡವರಲ್ಲಿ ಬೀಡಿ ಅಂಗಡಿಯ ಮಾರುತಿಯೂ ಇದ್ದರು. ಮುಂದೆ ನಿಸರ್ಗದತ್ತ ಮಹಾರಾಜರೆಂದು (1897–1981) ಹೆಸರಾದವರು ಅವರೇ.

ಮುಂಬಯಿಯ ಖೇತವಾಡಿಯಲ್ಲಿ ಕಡಿದಾದ ಮೆಟ್ಟಿಲೇರಿದರೆ ಸಿಗುತ್ತಿದ್ದುದು ಅವರ ಸಣ್ಣ ಅಟ್ಟದ ಕೋಣೆ. ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಮರಾಠಿಯಲ್ಲಿ, ನಡುವೆ ದುಭಾಷಿ. ಮಹಾರಾಜರು ಕೆಲವೊಮ್ಮೆ ಗದರುತ್ತಿದ್ದರು, ಬೀಡಿ ಸೇದುತ್ತಿದ್ದರು. ಆ ಮಾತುಕತೆಗಳನ್ನು ಧ್ವನಿಮುದ್ರಿಸಿ 1973ರಲ್ಲಿ ‘ಐ ಆ್ಯಮ್ ದಟ್’ ಪುಸ್ತಕವಾಗಿಸಿದ ಮಾರಿಸ್ ಫ್ರೈಡ್‌ಮನ್ ಪೋಲೆಂಡಿನವರು. ಹಿಂದೆ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಿದ ಎಂಜಿನಿಯರ್.

ಇಂದು ಜಗತ್ತು ‘ಜಾಗೃತಿ’ಯ ಹೆಸರಿನಲ್ಲಿ ಓದುವುದು ಬಹುಮಟ್ಟಿಗೆ ಫ್ರೈಡ್‌ಮನ್ನರ ಪುಸ್ತಕವನ್ನು. ನನ್ನ ಮಟ್ಟಿಗೆ ತುಳಸಿಯಮ್ಮನ ಬರಹ ಅದಕ್ಕೇನೂ ಕಡಿಮೆಯಲ್ಲ, ಒಂದು ಕೈ ಹೆಚ್ಚೇ: ಅಲ್ಲಿ ವಾದವಿಲ್ಲ, ಪ್ರಶ್ನೆ ಕೇಳುವವರೂ ಇಲ್ಲ. ಕನ್ನಡ ಬಲ್ಲವರು ಅದರ ಇಂಗ್ಲಿಷ್ ಅನುವಾದಕ್ಕೆ ಕೈ ಹಾಕುವ ಮೊದಲು ಮೂಲವನ್ನೇ ಹುಡುಕಿ ಓದಲಿ.