ಹೇಳಿದ್ದನ್ನೆಲ್ಲ ಮಾಡುವ ಆಳು

೨೦೦೦ದ ಮೇ ೪ರಂದು ಫಿಲಿಪೈನ್ಸಿನ ಮನಿಲಾದಿಂದ ಹೊರಟ ಇ-ಮೇಲೊಂದು ಒಂದೇ ದಿನದಲ್ಲಿ ಲೋಕವನ್ನೆಲ್ಲ ಸುತ್ತಿತು. 'ಐ ಲವ್ ಯೂ' ಎಂಬುದು ಅದರ ಶಿರೋನಾಮೆ. ಇಂಥ ಕಾಗದವನ್ನು ಯಾರು ತಾನೆ ಒಡೆದು ನೋಡರು! ಲಂಡನ್ನಿನ ಕಾಮನ್ಸ್ ಸಭೆಯವರು ತಮ್ಮ ಇ-ಮೇಲನ್ನೇ ನಿಲ್ಲಿಸಬೇಕಾಯಿತು.

ಅದು ಬೀಗ ಮುರಿದು ಒಳಹೊಕ್ಕಿತೆಂದು ಹಲವರು ಹೇಳುವುದುಂಟು, ನಾನು ಒಪ್ಪೆನು. ಒಳಗೇ ಒಬ್ಬ ಆಳಿದ್ದ. ಮೈಕ್ರೋಸಾಫ್ಟಿನವರು ವಿಂಡೋಸ್ ೯೮ರೊಡನೆ ಕೊಟ್ಟಿದ್ದ 'ಸ್ಕ್ರಿಪ್ಟ್ ಹೋಸ್ಟ್' ಎಂಬುದೇ ಆ ಆಳು. ನೂರಾರು ಕಡತಗಳ ಹೆಸರು ಬದಲಿಸುವಂಥ ಬೇಸರದ ಕೆಲಸವಿದ್ದರೆ ನಾಲ್ಕು ಸಾಲು ಬರೆದಿಟ್ಟರಾಯಿತು, ಅದು ತಾನೇ ಮಾಡಿ ಮುಗಿಸುತ್ತಿತ್ತು. ಕಚೇರಿಗಳಿಗೆ ಅದೊಂದು ವರವೇ ಸರಿ. ಆದರೆ ಆ ಸಾಲುಗಳನ್ನು ಬರೆದವರಾರೆಂದು ಅದು ಕೇಳುತ್ತಿರಲಿಲ್ಲ.

ಕಾಗದದೊಡನೆ ಬಂದ 'ಪ್ರೇಮಪತ್ರ'ವೂ ವಿಬಿಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಅಂಥವೇ ಆಜ್ಞೆಗಳು. ಹೆಸರಿನ ಕೊನೆಯಲ್ಲಿ 'ವಿಬಿಎಸ್' ಎಂಬ ಗುರುತೇನೋ ಇತ್ತು. ಅದನ್ನು ವಿಂಡೋಸೇ ಮರೆಮಾಡುತ್ತಿದ್ದುದರಿಂದ ನೋಡಿದವರಿಗೆ ಬರಿಯ ಬರಹವಾಗಿ ಕಂಡಿತು. ತೆರೆದೊಡನೆ ಔಟ್‌ಲುಕ್‌ನ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ, ತೆರೆದವರ ಹೆಸರಿನಲ್ಲೇ, ಪ್ರತಿಗಳು ಹೋದವು. ಕಂಪ್ಯೂಟರಿನಲ್ಲಿ ಕೂಡಿಸಿಟ್ಟಿದ್ದ ಭಾವಚಿತ್ರಗಳ ಜಾಗದಲ್ಲಿ ಅವೇ ಆಜ್ಞೆಗಳು ಬಂದು ಕುಳಿತವು. ಮಗುವಿನ ಮೊದಲ ಚಿತ್ರವೋ, ತೀರಿಕೊಂಡ ತಾಯಿಯದೋ, ಆಳಿಗೆ ಎಲ್ಲವೂ ಒಂದೇ.

ಇದನ್ನು ಬರೆದವನು ಮನಿಲಾದ ತರುಣ. ಇಂಟರ್‌ನೆಟ್ಟಿಗೆ ತೆರಲು ಹಣವಿಲ್ಲದೆ ಪರರ ಪಾಸ್‌ವರ್ಡುಗಳನ್ನು ಕದಿಯಹೊರಟೆನೆಂದು ಎಷ್ಟೋ ವರ್ಷಗಳ ಮೇಲೆ ಅವನೇ ಹೇಳಿದ. ಆ ದೇಶದಲ್ಲಿ ಆಗ ಇದಕ್ಕೆ ತಕ್ಕ ಕಾನೂನಿರಲಿಲ್ಲ. ಜೂನ್ ೧೪ರಂದು ಶಾಸನ ಬಂದರೂ ಹಿಂದಿನ ಕೃತ್ಯಕ್ಕೆ ತಗುಲಲಿಲ್ಲ. ಆಗಸ್ಟಿನಲ್ಲಿ ಮೊಕದ್ದಮೆ ಬಿದ್ದುಹೋಯಿತು. ವಿಬಿಸ್ಕ್ರಿಪ್ಟನ್ನು ವಿಂಡೋಸಿನಿಂದ ಮುಂದೆ ತೆಗೆದುಹಾಕುವೆವೆಂದು ಮೈಕ್ರೋಸಾಫ್ಟ್ ಸಾರಿದ್ದು ೨೦೨೩ರಲ್ಲಿ.